ಕವಳ ಬಿಟ್ಟ ಮೇಲೆ ಬಂದ ಬಾಯಿಹುಣ್ಣು: ಒಂದು ಆಪ್ತಸಲಹೆ ಪ್ರಕರಣ

ಇವರು ಶಿರಸಿ–ಕುಮಟಾ ದಾರಿಯ ಬಸ್ ಕಂಡಕ್ಟರ್. ವಯಸ್ಸು ನಲವತ್ತರ ಆಸುಪಾಸು. ಗಣಪತಿ ಎಂದು ಕರೆಯುತ್ತೇನೆ, ಅದು ಅವರ ಹೆಸರಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮಳೆ ಶುರುವಾದ ವಾರ ಬಂದರು. ಕುರ್ಚಿಯಲ್ಲಿ ಕೂತವರು ಏನೂ ಮಾತಾಡದೆ ಕೆಳತುಟಿ ಮಡಚಿ ತೋರಿಸಿದರು. ಒಳಗೆ ತೊಗರಿಬೇಳೆಯಷ್ಟು ಬಿಳಿ ಹುಣ್ಣು, ಸುತ್ತ ಕೆಂಪು ಗೆರೆ. ನಾಲಗೆಯ ಬಲ ಅಂಚಿನಲ್ಲಿ ಇನ್ನೊಂದು. "ಒಂದು ಮಾಯೂ ಹೊತ್ತಿಗೆ ಇನ್ನೊಂದು ಏಳ್ತದೆ ಮೇಡಂ. ಮೂರು ತಿಂಗಳಾಯ್ತು. ಟಿಕೆಟ್ ಟಿಕೆಟ್ ಅಂತ ಕೂಗೂಕೂ ಆಗ್ತಿಲ್ಲ."

ಹುಣ್ಣಿನ ಮಾತು ಹಾಗೇ ಕವಳಕ್ಕೆ ಬಂತು. ಹದಿನೆಂಟು ವರ್ಷ ಕವಳ ಹಾಕಿದವರು. ಎಲೆ, ಅಡಿಕೆ, ಸುಣ್ಣ, ಜೊತೆಗೆ ತಂಬಾಕು. ಮಾರಿಕಾಂಬಾ ಜಾತ್ರೆ ಮುಗಿದ ವಾರ ಬಿಟ್ಟರಂತೆ. ಬಾಯಿ ಕ್ಯಾನ್ಸರ್ ಆಪರೇಶನ್ ಆಗಿ ಮಲಗಿದ್ದ ಚಿಕ್ಕಪ್ಪನನ್ನು ನೋಡಿ ಬಂದ ಮರುದಿನ. ಹತ್ತು ಹದಿನೈದು ದಿನಕ್ಕೆ ಬಾಯಲ್ಲಿ ಹುಣ್ಣು ಶುರು. ಮನೆಯಲ್ಲಿ, ಡಿಪೋದಲ್ಲಿ ಎಲ್ಲರದ್ದೂ ಒಂದೇ ಮಾತು: "ಕವಳ ಬಿಟ್ಟಿದ್ದಕ್ಕೇ ಉಷ್ಣ ಆಗಿದ್ದು ಮಾರಾಯ. ಒಂದು ಹಾಕು, ಸರಿ ಆಗ್ತದೆ." ಕೇಳಿ ಕೇಳಿ ಅವರಿಗೂ ಹಾಗೇ ಅನಿಸತೊಡಗಿತ್ತು. ಇನ್ನೊಂದು ಕಡೆ, ಚಿಕ್ಕಪ್ಪನ ರೋಗ ತನಗೂ ಬಂತಾ ಎಂಬ ಹೆದರಿಕೆ. ಬಸ್ ಕುಮಟಾದಲ್ಲಿ ನಿಂತಾಗಲೆಲ್ಲ ಮೊಬೈಲ್ ಟಾರ್ಚ್ ಹಿಡಿದು ಬಸ್ಸಿನ ಕನ್ನಡಿಯಲ್ಲೇ ಬಾಯಿ ನೋಡಿಕೊಳ್ಳುವುದು. ದಿನಕ್ಕೆ ಎಷ್ಟು ಸಲ ಎಂದು ಕೇಳಿದೆ. "ಲೆಕ್ಕ ಇಟ್ಟಿಲ್ಲ" ಎಂದರು. ಟಿಕೆಟ್ ಹಣದಲ್ಲಿ ಒಂದು ರೂಪಾಯಿ ತಪ್ಪದ ಮನುಷ್ಯ.

ಬೇರೆಲ್ಲೋ ಅವರಿಗೆ "ಟೆನ್ಶನ್ ಮಾಡ್ಕೋಬೇಡಿ" ಎಂದು ಹೇಳಿ ಕಳಿಸಿದ್ದರು. ನನಗೆ ಈ ಮಾತು ಕೇಳಿದರೆ ಸಂಕಟ ಆಗುತ್ತದೆ. ಚಿಂತೆ, ನಿದ್ದೆಗೇಡು ಬಾಯಿಹುಣ್ಣನ್ನು ಕೆರಳಿಸುತ್ತವೆ, ನಿಜ. ನೈಟ್ ಹಾಲ್ಟ್ ಇರುವ ಕೆಲಸದಲ್ಲಿ ನಿದ್ದೆ ಎಲ್ಲಿಂದ ಬರಬೇಕು ಹೇಳಿ. ಆದರೆ ರಕ್ತ ನೋಡದೆ, ಹಲ್ಲು ನೋಡದೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಿದರೆ ಪಾಪ, ಆ ಮನುಷ್ಯ ತಪ್ಪು ತನ್ನದೇ ಎಂದುಕೊಳ್ಳುತ್ತಾನೆ.

ಮೊದಲು ಮನೆಯವರ, ಡಿಪೋದವರ ಮಾತಿನ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ತಂಬಾಕು ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಬಾಯಿಹುಣ್ಣು ಜಾಸ್ತಿ ಆಗುತ್ತದೆ. ವೈದ್ಯರಿಗೆ ಗೊತ್ತಿರುವ ಸಂಗತಿಯೇ ಇದು. ನಿಧಾನಕ್ಕೆ ಕಡಿಮೆಯೂ ಆಗುತ್ತದೆ. ಅದಕ್ಕೆ ಮದ್ದು ಅಂತ ಮತ್ತೆ ಕವಳ ಹಾಕಿದರೆ ಹದಿನೆಂಟು ವರ್ಷದ ಅಭ್ಯಾಸ ಒಂದೇ ದಿನಕ್ಕೆ ವಾಪಸ್ ಬರುತ್ತದೆ. ಆದರೆ ಮೂರು ತಿಂಗಳಾದರೂ ನಿಂತಿಲ್ಲ ಎಂದರೆ ಬೇರೆ ಕಾರಣವನ್ನೂ ಹುಡುಕಬೇಕು. "ಹಲ್ಲಿನ ಡಾಕ್ಟರಿಗೂ ಫಿಜಿಶಿಯನ್‌ಗೂ ತೋರಿಸಿ. ರಿಪೋರ್ಟ್ ಹಿಡಿದು ಬನ್ನಿ. ಹೆದರಿಕೆಯ ಮಾತು ಆಮೇಲೆ ಆಡೋಣ" ಎಂದೆ. ಏಳುವ ಮುಂಚೆ ಕೇಳಿದರು, "ತಂಬಾಕು ಬಿಟ್ಟು ಬರೀ ಎಲೆ-ಅಡಿಕೆ ಹಾಕಿದ್ರೆ ಅಡ್ಡಿಲ್ಲ ಅಲ್ವಾ?"

ನನ್ನ ತವರಿನಲ್ಲೂ ತೋಟ ಇದೆ. ನಮ್ಮೂರಲ್ಲಿ ಅಡಿಕೆ ಅಂದರೆ ಅನ್ನ. ಆದರೂ ಹೇಳಲೇಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಅಗಿದು ಅಗಿದು ಬಾಯಿಯ ಒಳಚರ್ಮ ಬಿಗಿಯಾಗಿ, ಬಾಯಿ ತೆರೆಯಲಾಗದ ರೋಗವೂ ಬರುತ್ತದೆ. ಅವರಿಗೆ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಟ್ಟು ನೋಡಲು ಹೇಳಿದೆ. ಸಲೀಸಾಗಿ ಹೋಯಿತು. ಮುಖ ಸ್ವಲ್ಪ ಸಡಿಲಾಯಿತು.

ಎರಡನೇ ಭೇಟಿಗೆ ಹೆಂಡತಿಯನ್ನೂ ಕರೆತಂದರು. ಹಲ್ಲಿನ ಡಾಕ್ಟರು ಬಾಯಿ ಪೂರ್ತಿ ನೋಡಿ, ಅನುಮಾನ ಪಡುವಂಥ ಕಲೆ, ಗಂಟು ಏನೂ ಇಲ್ಲ ಎಂದಿದ್ದರು. ಅಡಿಕೆ ಅಗಿದು ಸವೆದ ಒಂದು ದವಡೆ ಹಲ್ಲಿನ ಅಂಚು ಚೂಪಾಗಿ ನಾಲಗೆಗೆ ತಾಗುತ್ತಿತ್ತು. ಅದನ್ನು ಉಜ್ಜಿ ನುಣುಪು ಮಾಡಿದ್ದರು. ಹುಣ್ಣಿಗೆ ಹಚ್ಚಲು ಟ್ರಯಾಮ್ಸಿನೊಲೋನ್ ಎಂಬ, ಊತ ಇಳಿಸುವ ಪೇಸ್ಟ್ ಕೊಟ್ಟಿದ್ದರು. ಇನ್ನು ರಕ್ತದಲ್ಲಿ ವಿಟಮಿನ್ ಬಿ12 ಕಡಿಮೆ. ಮೀನು, ಮೊಟ್ಟೆ ಮುಟ್ಟದ ಮನೆ, ಡ್ಯೂಟಿ ದಿನ ಹಾಲು-ಮಜ್ಜಿಗೆಯೂ ಅಷ್ಟಕ್ಕಷ್ಟೇ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಬಿ-ಕಾಂಪ್ಲೆಕ್ಸ್ ಮಾತ್ರೆ ನೆನಪಾದಾಗ ನುಂಗುತ್ತಿದ್ದರು. ಈಗ ಡಾಕ್ಟರು ಅಳತೆ ನೋಡಿ ಬಿ12 ಶುರು ಮಾಡಿದ್ದಾರೆ.

ತುಟಿಯ ಹುಣ್ಣು ಮಾತ್ರ ಅದೇ ಜಾಗದಲ್ಲಿ ಏಳುತ್ತಿತ್ತು. ಅದರ ಗುಟ್ಟು ಹೇಳಿದ್ದು ಹೆಂಡತಿ. "ಇವರು ವಿಸಿಲ್ ಕಚ್ಚಿಕೊಂಡೇ ಇರ್ತಾರೆ ಮೇಡಂ, ಮನೆಗೆ ಬಂದ್ರೂ ತುಟಿ ಮೇಲೆ ಅಚ್ಚು ಇರ್ತದೆ." ದೇವಿಮನೆ ಘಟ್ಟದ ತಿರುವುಗಳಲ್ಲಿ ಒಂದು ಕೈ ಕಂಬಿಗೆ, ಒಂದು ಕೈ ಟಿಕೆಟ್ ಮೆಶಿನ್‌ಗೆ. ವಿಸಿಲ್ ಹಲ್ಲಿನ ನಡುವೆ. ಬಸ್ ಕುಲುಕಿದಾಗಲೆಲ್ಲ ಅದರ ಚಪ್ಪಟೆ ತುದಿ ಕೆಳತುಟಿಯನ್ನು ಒಳಗಿನಿಂದ ಒತ್ತುತ್ತಿತ್ತು. ಇಷ್ಟು ಸಣ್ಣ ವಿಷಯ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಊದುವಾಗಷ್ಟೇ ಬಾಯಿಗಿಡಿ ಎಂದೆ.

ಊಟದ ವಿಷಯ ಹೆಂಡತಿಯ ಜೊತೆ ಮಾತಾಡಿದೆ. ಹುಣ್ಣು ಇರುವಷ್ಟು ದಿನ ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ ಬೇಡ. ಒಂದೆಲಗದ ತಂಬುಳಿ ಮೆಣಸು ಹಾಕದೆ, ತಣ್ಣಗೆ ಅನ್ನಕ್ಕೆ ಕಲಸಿ ಕೊಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಲಿ. ಉಪ್ಪಿನ ಹರಳನ್ನು ಹುಣ್ಣಿಗೇ ಒತ್ತುವುದು ಬೇಡ. ಅದನ್ನೂ ಮಾಡಿ ನೋಡಿದ್ದರು ಪಾಪ. ಜಾಸ್ತಿ ನೊರೆ ಬರುವ ಹಲ್ಲುಜ್ಜುವ ಪೇಸ್ಟಿನಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರಿಗೆ ಆಗುವುದಿಲ್ಲ. ಅದಿಲ್ಲದ ಪೇಸ್ಟ್, ಮೆತ್ತನೆ ಬ್ರಷ್ ತನ್ನಿ.

ಕನ್ನಡಿಯ ವಿಷಯಕ್ಕೆ ಒಂದು ಒಪ್ಪಂದ ಆಯಿತು. ವಾರಕ್ಕೆ ಒಂದೇ ಸಲ, ಭಾನುವಾರ ಬೆಳಿಗ್ಗೆ, ಹೆಂಡತಿ ನೋಡುತ್ತಾರೆ. ಗಣಪತಿ ತಾರೀಕು ಬರೆದಿಡುತ್ತಾರೆ. ಇಂಥ ಸಣ್ಣ ಹುಣ್ಣು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮಾಯುತ್ತದೆ. ಒಂದೇ ಹುಣ್ಣು ಮೂರು ವಾರ ದಾಟಿದರೆ, ಗಟ್ಟಿಯಾದರೆ, ಬಿಳಿ ಅಥವಾ ಕೆಂಪು ಕಲೆ ಅಳಿಸದೆ ಉಳಿದರೆ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ತಾರೀಕು ಬರೆದಿದ್ದರೆ ಮೂರು ವಾರ ಆಯಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಊಹಿಸಿ ಹೆದರುವ ಕೆಲಸ ಇಲ್ಲ.

ಕವಳ ಬೇಡ ಅನ್ನುವುದೇ ಅವರಿಗೆ ಕಷ್ಟ. ನಮ್ಮ ಕಡೆ ಯಾರ ಮನೆಗೆ ಹೋದರೂ ಆಸರಿಗೆ, ಅಂದರೆ ಕುಡಿಯಲು ಕೊಡುವುದು, ಆದ ಮೇಲೆ ಕವಳದ ತಟ್ಟೆ ಮುಂದೆ ಬರುತ್ತದೆ. ಬೇಡ ಅಂದರೆ ಮುನಿಸು. ಬೇಡ ಅನ್ನುವ ಅಭ್ಯಾಸ ಆಗಲಿ ಎಂದು ನಾನೇ ಅವರ ದೊಡ್ಡಪ್ಪನ ಪಾತ್ರ ಮಾಡಿ "ತಗ ಮಾರಾಯ, ಒಂದಕ್ಕೆ ಎಂತ ಆಗ್ತದೆ" ಎಂದು ತಟ್ಟೆ ಚಾಚಿದೆ. ಮೊದಲ ಸಲ ನಕ್ಕರು. ಎರಡನೇ ಸಲ ಕೈ ಮುಂದೆ ಬಂತು. ಐದನೇ ಸಲಕ್ಕೆ, "ಡಾಕ್ಟರು ಬೇಡ ಅಂದಿದ್ದಾರೆ ದೊಡ್ಡಪ್ಪ, ಮಜ್ಜಿಗೆ ಇದ್ರೆ ಕೊಡಿ" ಎಂದು ತಡವರಿಸದೆ ಹೇಳಿದರು. ಆಸೆ ಎದ್ದರೆ ಕೆಲವೇ ನಿಮಿಷ ಇರುತ್ತದೆ, ಆ ಹೊತ್ತಿಗೆ ನೀರು ಕುಡಿಯಿರಿ, ಎದ್ದು ಓಡಾಡಿ ಎಂದೆ. ತಂಬಾಕು ಬಿಡಲು ಸಹಾಯ ಮಾಡುವ ಉಚಿತ ಸಹಾಯವಾಣಿ 1800-11-2356ನ್ನು ಮೊಬೈಲಿನಲ್ಲಿ ಹಾಕಿಕೊಟ್ಟೆ.

ನವರಾತ್ರಿ ಹೊತ್ತಿಗೆ ಮತ್ತೆ ಬಂದಾಗ ಜೇಬಿನಿಂದ ಟಿಕೆಟ್ ರೋಲಿನ ತುಂಡು ತೆಗೆದರು. ಹಿಂಬದಿಯಲ್ಲಿ ಪೆನ್ನಿನಲ್ಲಿ ತಾರೀಕು. ಮೊದಲ ತಿಂಗಳು ಮೂರು ಹುಣ್ಣು, ಆಮೇಲೆ ಒಂದು, ಆಮೇಲೆ ಐದು ವಾರ ಖಾಲಿ, ಮತ್ತೆ ಒಂದು. ಎಲ್ಲವೂ ಹತ್ತು ದಿನದೊಳಗೆ ಮಾಯ್ದಿವೆ. ಕವಳ ಹಾಕಿಲ್ಲ. ಮುಂದಿನ ಭೇಟಿಯನ್ನು ದೀಪಾವಳಿ ಮುಗಿದ ವಾರಕ್ಕೇ ಇಟ್ಟುಕೊಂಡಿದ್ದೇವೆ. ಹಬ್ಬಕ್ಕೆ ಮನೆ ತುಂಬ ನೆಂಟರಿರುತ್ತಾರೆ, ಕವಳದ ತಟ್ಟೆ ಮೂರು ದಿನವೂ ಜಗುಲಿಯಲ್ಲೇ ಇರುತ್ತದೆ.