ಮುಕ್ತ ಪ್ರಕಟಣೆಗೆ ಹಣ ತೆರಲೇಬೇಕೆ?

ಈ ಸಲ ಬಂದ ಪತ್ರಗಳಲ್ಲಿ ಮೂರು ಸಂಶೋಧನಾ ಲೇಖನಗಳ ಮುಕ್ತ ಪ್ರಕಟಣೆಗೆ ಸಂಬಂಧಿಸಿದವು. ಒಂದರ ಉತ್ತರ ಇನ್ನೊಂದಕ್ಕೂ ಬೇಕಾಗುವುದರಿಂದ ಮೂರನ್ನೂ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನಮ್ಮ ಮನೆಯವರು ಮೆಣಸಿನಕಾಯಿ ಬೆಳೆಯುವವರು, ನನ್ನ ಸಂಶೋಧನೆಯೂ ಮೆಣಸಿನ ಗಿಡದ ಎಲೆ ಮುಟುರು ರೋಗದ ಕುರಿತಾದುದು. ಲೇಖನ ಎಲ್ಲರಿಗೂ ಓದಲು ಸಿಗುವಂತೆ ಓಪನ್ ಆಕ್ಸೆಸ್ ಜರ್ನಲ್‌ನಲ್ಲಿ ಬರಲಿ ಎಂದು ಗೈಡ್ ಹೇಳುತ್ತಾರೆ. ವಿಚಾರಿಸಿದರೆ ಒಂದು ಜರ್ನಲ್ ಎರಡು ಲಕ್ಷ ರೂಪಾಯಿಗೂ ಹೆಚ್ಚು ಕೇಳಿತು. ಇನ್ನೊಂದು, ಮೂರೂವರೆ ಸಾವಿರ ಕೊಟ್ಟರೆ ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ ಎಂದು ಇಮೇಲ್ ಕಳಿಸಿದೆ. ಓಪನ್ ಆಕ್ಸೆಸ್ ಎಂದರೆ ಹಣ ಕೊಟ್ಟು ಪ್ರಕಟಿಸುವುದೇ?
— ಸಂಶೋಧನಾ ವಿದ್ಯಾರ್ಥಿನಿ, ಬ್ಯಾಡಗಿ

ಉತ್ತರ: ಅಲ್ಲ. ಓದುಗನು ಹಣ ಕೊಡದೆ, ಅನುಮತಿ ಕೇಳದೆ ಲೇಖನವನ್ನು ಓದುವ, ಇಳಿಸಿಕೊಳ್ಳುವ, ಹಂಚುವ ಸ್ವಾತಂತ್ರ್ಯಕ್ಕೆ ಓಪನ್ ಆಕ್ಸೆಸ್, ಅಂದರೆ ಮುಕ್ತ ಪ್ರವೇಶ, ಎಂದು ಹೆಸರು. 2002ರ ಫೆಬ್ರುವರಿಯಲ್ಲಿ ಹೊರಬಂದ ಬುಡಾಪೆಸ್ಟ್ ಘೋಷಣೆ ಈ ಮಾತಿಗೆ ಖಚಿತ ಅರ್ಥ ಕೊಟ್ಟಿತು. ಲೇಖಕನಿಂದ ಹಣ ಪಡೆಯಬೇಕೆಂಬ ಮಾತು ಆ ಅರ್ಥದೊಳಗೆ ಇಲ್ಲ. ಓದುಗನಿಂದ ಬರುತ್ತಿದ್ದ ಚಂದಾ ನಿಂತರೆ ಖರ್ಚು ಯಾರು ಹೊರಬೇಕು ಎಂಬ ಪ್ರಶ್ನೆಗೆ ಕೆಲವು ಪ್ರಕಾಶಕರು ಕಂಡುಕೊಂಡ ಒಂದು ಉತ್ತರವಷ್ಟೇ ಅದು.

ನಿಮ್ಮನ್ನು ಎರಡು ಲಕ್ಷ ಕೇಳಿದ ಜರ್ನಲ್ ಈ ದಾರಿಯದು. ಲೇಖನ ಸ್ವೀಕೃತವಾದ ಮೇಲೆ ಪ್ರಕಟಣಾ ಶುಲ್ಕ ಪಡೆದು, ಲೇಖನವನ್ನು ಪ್ರಕಟವಾದ ದಿನದಿಂದಲೇ ಎಲ್ಲರಿಗೂ ತೆರೆದಿಡುವ ಈ ಕ್ರಮವನ್ನು ಗೋಲ್ಡ್ ಎನ್ನುತ್ತಾರೆ. ಶುಲ್ಕ ಖರ್ಚಿಗಿಂತ ಹೆಚ್ಚಾಗಿ ಜರ್ನಲ್‌ನ ಹೆಸರಿನ ಮೇಲೆ ಏರುತ್ತದೆ ಎಂಬುದು ನನ್ನ ಅಭಿಪ್ರಾಯ. ನೇಚರ್ ಪತ್ರಿಕೆ 2021ರಲ್ಲಿ ಈ ಆಯ್ಕೆಯನ್ನು ಆರಂಭಿಸಿದಾಗ ಒಂದು ಲೇಖನಕ್ಕೆ ನಿಗದಿ ಮಾಡಿದ್ದು 9,500 ಯೂರೋ, ಅಂದರೆ ಎಂಟು ಲಕ್ಷ ರೂಪಾಯಿಗೂ ಮೇಲೆ. ಲೇಖನ ಬರೆದವರಿಗೂ, ಅದನ್ನು ಓದಿ ತಿದ್ದುಪಡಿ ಸೂಚಿಸುವ ವಿಮರ್ಶಕರಿಗೂ ಪ್ರಕಾಶಕರಿಂದ ಸಾಮಾನ್ಯವಾಗಿ ಒಂದು ಪೈಸೆಯೂ ಸಲ್ಲುವುದಿಲ್ಲ ಎಂಬುದನ್ನು ನೆನೆದರೆ ಈ ಮೊತ್ತ ನ್ಯಾಯವಾದುದೆಂದು ನನಗೆ ಅನ್ನಿಸುವುದಿಲ್ಲ.

ಓದುಗನಿಂದಲೂ ಲೇಖಕನಿಂದಲೂ ಏನನ್ನೂ ಪಡೆಯದೆ, ವಿಶ್ವವಿದ್ಯಾಲಯವೋ ವಿದ್ವತ್ ಸಂಸ್ಥೆಯೋ ಸರ್ಕಾರವೋ ಖರ್ಚು ಹೊತ್ತು ನಡೆಸುವ ಜರ್ನಲ್‌ಗಳೂ ಇವೆ. ಈ ಕ್ರಮಕ್ಕೆ ಡೈಮಂಡ್ ಎಂದು ಹೆಸರು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಆರಂಭವಾದ ಡಿಒಎಜೆ ಎಂಬ ಸೂಚಿಯಲ್ಲಿ ಈಗ 20,000ಕ್ಕೂ ಹೆಚ್ಚು ಮುಕ್ತ ಜರ್ನಲ್‌ಗಳಿವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಲೇಖಕರಿಂದ ಶುಲ್ಕ ಪಡೆಯುವುದಿಲ್ಲ. ಶುಲ್ಕವಿಲ್ಲದವುಗಳನ್ನೇ ಬೇರ್ಪಡಿಸಿ ತೋರಿಸುವ ಸೌಲಭ್ಯವೂ ಅಲ್ಲಿದೆ. ಸಸ್ಯರೋಗ ವಿಷಯವನ್ನು ಆರಿಸಿ ಒಂದು ಸಂಜೆ ಕುಳಿತು ನೋಡಿರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ ಹೊರತರುವ ಜರ್ನಲ್ ಆಫ್ ಫಾರ್ಮ್ ಸೈನ್ಸಸ್, ಅಂದರೆ ಹಿಂದಿನ ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್‌ನ ನಿಯಮಗಳನ್ನೂ ಓದಿರಿ. ಮನೆಯ ಅಂಗಳದಲ್ಲೇ ಇರುವುದನ್ನು ನಮ್ಮ ವಿದ್ಯಾರ್ಥಿಗಳು ಕೊನೆಗೆ ನೆನೆಯುತ್ತಾರೆ.

ಇನ್ನೊಂದು ದಾರಿಯ ಹೆಸರು ಗ್ರೀನ್. ಬಹಳ ಸಂಶೋಧಕರಿಗೆ ಇದು ಗೊತ್ತಿಲ್ಲದಿರುವುದು ನನಗೆ ದುಃಖದ ಸಂಗತಿ. ಒಂದು ಲೇಖನಕ್ಕೆ ಮೂರು ರೂಪಗಳಿರುತ್ತವೆ. ಜರ್ನಲ್‌ಗೆ ಮೊದಲು ಕಳಿಸಿದ್ದು ಒಂದು. ವಿಮರ್ಶಕರ ಸೂಚನೆಯಂತೆ ತಿದ್ದಿ, ಸಂಪಾದಕರು ಒಪ್ಪಿಕೊಂಡ ಹಸ್ತಪ್ರತಿ ಎರಡನೆಯದು. ಪುಟ ಜೋಡಿಸಿ, ಜರ್ನಲ್‌ನ ಹೆಸರು ಹೊತ್ತು ಬರುವ ಪಿಡಿಎಫ್ ಮೂರನೆಯದು. ಚಂದಾ ಜರ್ನಲ್‌ನಲ್ಲಿ ಪ್ರಕಟಿಸಿದಾಗ ಮೂರನೆಯ ರೂಪವನ್ನು ನೀವು ಹಂಚುವಂತಿಲ್ಲ. ಆದರೆ ಹೆಚ್ಚಿನ ದೊಡ್ಡ ಪ್ರಕಾಶಕರು ಎರಡನೆಯ ರೂಪವನ್ನು ವಿಶ್ವವಿದ್ಯಾಲಯದ ರೆಪಾಸಿಟರಿಯಲ್ಲಿ, ಅಂದರೆ ಬರಹಗಳನ್ನು ಕೂಡಿಡುವ ಅಂತರಜಾಲ ಭಂಡಾರದಲ್ಲಿ, ಕೆಲವರು ಕೂಡಲೇ, ಹಲವರು 6, 12 ಅಥವಾ 24 ತಿಂಗಳ ನಂತರ, ಎಲ್ಲರಿಗೂ ತೆರೆದಿಡಲು ಒಪ್ಪುತ್ತಾರೆ. ವಿಷಯ, ಅಂಕಿ-ಅಂಶ, ತೀರ್ಮಾನ ಎಲ್ಲವೂ ಅದರಲ್ಲಿರುತ್ತವೆ, ಖರ್ಚು ಮಾತ್ರ ಸೊನ್ನೆ. ಭೌತಶಾಸ್ತ್ರದವರು 1991ರಿಂದಲೇ ಆರ್ಕೈವ್ ಎಂಬ ತಾಣದಲ್ಲಿ ಮೊದಲ ರೂಪವನ್ನೂ ಹೀಗೆ ತೆರೆದಿಡುತ್ತ ಬಂದಿದ್ದಾರೆ, ಜೀವಶಾಸ್ತ್ರದವರಿಗೆ 2013ರಿಂದ ಬಯೋಆರ್ಕೈವ್ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಅಥವಾ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅನುದಾನದಿಂದ ನಡೆದ ಸಂಶೋಧನೆಯಾದರೆ, 2014ರ ಅವರ ನೀತಿಯಂತೆ ಈ ಹಸ್ತಪ್ರತಿಯನ್ನು ರೆಪಾಸಿಟರಿಗೆ ಸಲ್ಲಿಸುವುದು ನಿಮ್ಮ ಕರ್ತವ್ಯವೂ ಆಗುತ್ತದೆ.

ನಾನು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಾಗ ಅಧ್ಯಾಪಕರೊಬ್ಬರು ತಮ್ಮದೇ ಹಳೆಯ ಲೇಖನವನ್ನು ಹುಡುಕಿಕೊಂಡು ಬಂದಿದ್ದರು. ಆ ಜರ್ನಲ್‌ಗೆ ನಮ್ಮಲ್ಲಿ ಚಂದಾ ಇರಲಿಲ್ಲ. ಪರದೆಯ ಮೇಲೆ ಅವರ ಹೆಸರು, ಊರಿನ ಹೆಸರು, ಅವರೇ ಬರೆದ ಸಾರಾಂಶ, ಅದರ ಕೆಳಗೆ ಓದಲು ಇಷ್ಟು ಡಾಲರ್ ಎಂಬ ಗುಂಡಿ. ಕೃತಿಸ್ವಾಮ್ಯವನ್ನು ಬರೆದುಕೊಟ್ಟ ಕಾಗದಕ್ಕೆ ಸಹಿ ಮಾಡಿದ್ದು ಅವರಿಗೆ ನೆನಪಿತ್ತು, ಏನು ಬರೆದಿತ್ತು ಎಂಬುದು ನೆನಪಿರಲಿಲ್ಲ. ಸ್ವೀಕೃತ ಹಸ್ತಪ್ರತಿ ಇದೆಯೇ ಎಂದು ಕೇಳಿದೆ. ಹಳೆಯ ಕಂಪ್ಯೂಟರ್ ಕೆಟ್ಟಾಗ ಹೋಯಿತು ಎಂದರು. ಆ ಒಂದು ಕಡತ ಉಳಿದಿದ್ದರೆ ಅಂದೇ ಅದನ್ನು ತೆರೆದಿಡಬಹುದಿತ್ತು. ಆದ್ದರಿಂದ ಲೇಖನ ಸ್ವೀಕೃತವಾಯಿತೆಂಬ ಇಮೇಲ್ ಬಂದ ದಿನವೇ ಆ ರೂಪವನ್ನು ದಿನಾಂಕ ಹಾಕಿ ಎರಡು ಕಡೆ ಉಳಿಸಿಕೊಳ್ಳಿರಿ. ಯಾವ ಪ್ರಕಾಶಕರು ಯಾವ ರೂಪಕ್ಕೆ ಎಷ್ಟು ಕಾಲದ ತಡೆ ಇಟ್ಟಿದ್ದಾರೆ ಎಂಬುದು ಅವರ ತಾಣದಲ್ಲೇ ಇರುತ್ತದೆ, ನಿಮ್ಮ ಗ್ರಂಥಪಾಲಕರೂ ನೋಡಿ ಹೇಳಬಲ್ಲರು.

ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಎಂದವರಿಗೆ ಉತ್ತರ ಕೊಡಬೇಡಿರಿ. ವಿಷಯ ಬಲ್ಲ ಇಬ್ಬರು ಲೇಖನವನ್ನು ಓದಿ, ಪ್ರಯೋಗದ ವಿಧಾನವನ್ನು ಪರೀಕ್ಷಿಸಿ, ಟಿಪ್ಪಣಿ ಬರೆಯಲು ವಾರಗಳೇ ಬೇಕು, ಕೆಲವೊಮ್ಮೆ ತಿಂಗಳುಗಳು. 2013ರಲ್ಲಿ ಸೈನ್ಸ್ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಲೇಖಕರು, ಬೇಕೆಂದೇ ದೋಷ ತುಂಬಿದ ಒಂದು ಲೇಖನವನ್ನು 304 ಮುಕ್ತ ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಅದನ್ನು ಒಪ್ಪಿಕೊಂಡವು, 98 ತಿರಸ್ಕರಿಸಿದವು. ಇಂಥ ಜರ್ನಲ್‌ನಲ್ಲಿ ಬಂದ ಲೇಖನ ಮುಂದೆ ಸಂದರ್ಶನದಲ್ಲಿ ನಿಮಗೇ ಅಡ್ಡಿಯಾದೀತು, ಒಮ್ಮೆ ಪ್ರಕಟವಾದದ್ದನ್ನು ಒಳ್ಳೆಯ ಜರ್ನಲ್ ಮತ್ತೆ ತೆಗೆದುಕೊಳ್ಳುವುದೂ ಇಲ್ಲ. ಸಂಪಾದಕ ಮಂಡಳಿಯಲ್ಲಿ ಹೆಸರಿರುವವರು ತಮ್ಮ ಸಂಸ್ಥೆಯ ಪುಟದಲ್ಲಿ ಆ ವಿಷಯವನ್ನು ಹೇಳಿಕೊಂಡಿದ್ದಾರೆಯೇ, ಹಳೆಯ ಸಂಚಿಕೆಗಳ ಲೇಖನಗಳು ನಿಮ್ಮ ಗೈಡ್ ಒಪ್ಪುವಂತಿವೆಯೇ ಎಂದು ನೋಡಿರಿ. ಐಎಸ್‌ಎಸ್‌ಎನ್ ಸಂಖ್ಯೆ ಇದ್ದ ಮಾತ್ರಕ್ಕೆ ನಂಬಬೇಡಿರಿ, ಅದು ಪತ್ರಿಕೆಯ ಗುರುತಿನ ಸಂಖ್ಯೆಯೇ ಹೊರತು ಗುಣಮಟ್ಟದ ಮುದ್ರೆಯಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯಲ್ಲಿದ್ದೇವೆ ಎಂಬ ಮಾತಿಗೂ ಈಗ ಅರ್ಥವಿಲ್ಲ, ಆ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಗಿದೆ. ಪಿಎಚ್.ಡಿ. ಸಲ್ಲಿಸಲು ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನೂ ಯುಜಿಸಿ 2022ರಲ್ಲೇ ತೆಗೆದಿದೆ, ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನೆಂದು ಕೇಳಿಕೊಂಡರೆ ಅವಸರ ಅರ್ಧ ಇಳಿದೀತು.

ಶುಲ್ಕದ ಜರ್ನಲ್ಲೇ ನಿಮ್ಮ ವಿಷಯಕ್ಕೆ ತಕ್ಕದೆಂದು ಗೈಡ್ ತೀರ್ಮಾನಿಸಿದರೆ, ಲೇಖನ ಕಳಿಸುವ ಮೊದಲೇ ವಿನಾಯಿತಿ ಕೇಳಿರಿ. ತಾನಾಗಿಯೇ ವಿನಾಯಿತಿ ಸಿಗುವ ದೇಶಗಳ ಪಟ್ಟಿಯಲ್ಲಿ ಭಾರತದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ, ಆದರೂ ಅನುದಾನವಿಲ್ಲದ ಲೇಖಕರ ಕೋರಿಕೆಯನ್ನು ಕೆಲವರು ಪರಿಗಣಿಸುತ್ತಾರೆ. ಬೇರೆಯವರು ಲೇಖನವನ್ನು ಹೇಗೆ ಬಳಸಬಹುದೆಂದು ಹೇಳುವ ಪರವಾನಗಿ ಆರಿಸುವಾಗ, ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ ಎಂಬುದನ್ನು ಆರಿಸಿರಿ. ಬದಲಾವಣೆ ಸಲ್ಲದು ಎಂಬ ಷರತ್ತಿನ ಪರವಾನಗಿ ಕೊಟ್ಟರೆ ನಿಮ್ಮ ಲೇಖನವನ್ನು ಕನ್ನಡಕ್ಕೆ ಅನುವಾದಿಸಿ ಹಂಚುವುದಕ್ಕೂ ತಡೆಯಾಗುತ್ತದೆ. ಮುಟುರು ರೋಗದ ಬಗ್ಗೆ ನೀವು ಕಂಡುಕೊಂಡದ್ದು ಹಾವೇರಿ ಜಿಲ್ಲೆಯ ಬೆಳೆಗಾರರಿಗೆ ಕನ್ನಡದಲ್ಲೇ ತಲುಪಬೇಕಲ್ಲವೇ?

ಪ್ರಶ್ನೆ: ನಾನು ಇಪ್ಪತ್ತು ವರ್ಷಗಳಿಂದ ಡೊಳ್ಳಿನ ಪದಗಳ ಮೇಲೆ ಕನ್ನಡದಲ್ಲಿ ಲೇಖನ ಬರೆದಿದ್ದೇನೆ. ಅವು ಬಂದ ಸಣ್ಣ ಪತ್ರಿಕೆಗಳು ಎಲ್ಲೂ ಸಿಗುವುದಿಲ್ಲ, ಕೆಲವು ನಿಂತೇ ಹೋಗಿವೆ. ನಾನೇ ಅವನ್ನು ಅಂತರಜಾಲದಲ್ಲಿ ಇಡಬಹುದೇ?
— ನಿವೃತ್ತ ಅಧ್ಯಾಪಕರು, ಶಿಗ್ಗಾಂವಿ

ಉತ್ತರ: ಬಹುಪಾಲು ಇಡಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖನದ ಮೊದಲ ಒಡೆಯ ಸಾಮಾನ್ಯವಾಗಿ ಬರೆದವನೇ. ಆ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬರಹದಲ್ಲಿ ಒಪ್ಪಿ ಸಹಿ ಮಾಡಿರಬೇಕು. ನಮ್ಮ ಕನ್ನಡ ಸಣ್ಣ ಪತ್ರಿಕೆಗಳು ಅಂಚೆಯಲ್ಲಿ ಬಂದ ಲೇಖನವನ್ನು ಅಚ್ಚು ಹಾಕಿ ಗೌರವ ಪ್ರತಿ ಕಳಿಸುತ್ತಿದ್ದವೇ ಹೊರತು ಯಾರಿಂದಲೂ ಸಹಿ ಪಡೆಯುತ್ತಿರಲಿಲ್ಲ. ಹಾಗಿದ್ದರೆ ಹಕ್ಕು ಇನ್ನೂ ನಿಮ್ಮಲ್ಲೇ ಇದೆ. ಸಹಿ ಮಾಡಿದ್ದರೂ, ಕರಾರಿನಲ್ಲಿ ಅವಧಿ ನಮೂದಿಸಿರದಿದ್ದರೆ ಅದನ್ನು ಐದು ವರ್ಷ ಎಂದು ತಿಳಿಯಬೇಕೆಂದು ಅದೇ ಕಾಯ್ದೆಯ 19ನೆಯ ಕಲಮು ಹೇಳುತ್ತದೆ. ಆದರೆ ಅಚ್ಚಾದ ಪುಟದ ಪಕ್ಕದಲ್ಲಿ ಬೇರೆಯವರ ಛಾಯಾಚಿತ್ರವಿದ್ದರೆ ಅದು ಅವರದು. ಹಾಡಿದವರ ಹೆಸರು, ಧ್ವನಿ, ಚಿತ್ರ ಸೇರಿಸುವ ಮೊದಲು ಅವರನ್ನೋ ಮನೆಯವರನ್ನೋ ಕೇಳುವುದು ಕಾಯ್ದೆಗಿಂತ ದೊಡ್ಡ ಮರ್ಯಾದೆ.

ಇಡುವುದಕ್ಕೆ ಝೆನೋಡೊ ಎಂಬ ತಾಣವಿದೆ. ಜಿನೀವಾದ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿದೆ. ಶುಲ್ಕವಿಲ್ಲ, ಪ್ರತಿ ಲೇಖನಕ್ಕೂ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆ ಸಿಗುತ್ತದೆ, ಯಾವ ಭಾಷೆಯ ಬರಹವನ್ನಾದರೂ ಸೇರಿಸಬಹುದು. ಆದರೆ ಒಂದು ಎಚ್ಚರ ಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಕನ್ನಡವಲ್ಲ. ಅದರಿಂದ "ಬೀರಪ್ಪ" ಎಂಬ ಪದವನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿರಿ, ರೋಮನ್ ಅಕ್ಷರಗಳ ಗೋಜಲು ಬರುತ್ತದೆ. ಹುಡುಕುವವರಿಗೆ ಅದು ಎಂದಿಗೂ ಸಿಗದು. ಎಲ್ಲ ಯಂತ್ರಗಳೂ ಕನ್ನಡವೆಂದು ಗುರುತಿಸುವ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಸಾಲುಸಾಲಾಗಿ ಓದಿ ತಿದ್ದಿ, ಆಮೇಲೆ ಇಡಿರಿ. ಶೀರ್ಷಿಕೆ, ಪತ್ರಿಕೆಯ ಹೆಸರು, ಸಂಚಿಕೆ, ವರ್ಷ, ಹಾಡು ಸಂಗ್ರಹಿಸಿದ ಊರು ಇವನ್ನು ವಿವರಗಳ ಅಂಕಣದಲ್ಲಿ ಬರೆಯಿರಿ. ನಿಮ್ಮ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿಯ ಗ್ರಂಥಾಲಯಕ್ಕೂ ಒಂದು ಪ್ರತಿ ಕೊಡಿರಿ.

ಪ್ರಶ್ನೆ: ಒಂದು ದೇಶ ಒಂದು ಚಂದಾ ಯೋಜನೆ ಬಂದ ಮೇಲೆ ಎಲ್ಲ ಜರ್ನಲ್‌ಗಳೂ ಕಾಲೇಜಿನಲ್ಲೇ ಸಿಗುತ್ತವೆ. ಇನ್ನು ಮುಕ್ತ ಪ್ರಕಟಣೆಯ ಗೊಡವೆ ಏಕೆ?
— ಪದವಿ ಕಾಲೇಜು ಉಪನ್ಯಾಸಕರು, ಗದಗ

ಉತ್ತರ: 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಗೆ 2025ರಿಂದ ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ. 30 ಪ್ರಕಾಶಕರ 13,000ದಷ್ಟು ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೂ ಸಿಗುತ್ತವೆ. ಇದು ದೊಡ್ಡ ಉಪಕಾರ, ಬಳಸಿಕೊಳ್ಳಿರಿ. ಆದರೆ ಅದು ಸಂಸ್ಥೆಯೊಳಗಿರುವವರಿಗೆ ತೆರೆದ ಬಾಗಿಲು. ನೀವು ನಿವೃತ್ತರಾದ ಮರುದಿನ, ನಿಮ್ಮ ವಿದ್ಯಾರ್ಥಿ ಪದವಿ ಮುಗಿಸಿ ರೋಣಕ್ಕೋ ನರಗುಂದಕ್ಕೋ ಹೋದ ದಿನ, ಅದು ಮುಚ್ಚುತ್ತದೆ. ಹಳ್ಳಿಯಲ್ಲಿ ದವಾಖಾನೆ ಇಟ್ಟುಕೊಂಡ ವೈದ್ಯರಿಗೂ, ಹವ್ಯಾಸಿ ಇತಿಹಾಸಕಾರರಿಗೂ ಅದು ಮೊದಲಿನಿಂದಲೇ ಮುಚ್ಚಿದೆ. ನೀವು ಬರೆದದ್ದು ಇವರಿಗೂ ಸಿಗಬೇಕಾದರೆ ಮೊದಲ ಉತ್ತರದಲ್ಲಿ ಹೇಳಿದ ಸ್ವೀಕೃತ ಹಸ್ತಪ್ರತಿಯನ್ನು ರೆಪಾಸಿಟರಿಯಲ್ಲಿ ಇಡಿರಿ. ನಿಮ್ಮ ಕಾಲೇಜಿಗೆ ರೆಪಾಸಿಟರಿ ಇಲ್ಲದಿದ್ದರೆ, ಪ್ರಕಾಶಕರ ನಿಯಮ ಒಪ್ಪಿದಲ್ಲಿ ಝೆನೋಡೊದಲ್ಲಿ ಇಡಬಹುದು.