ಮತದಾನಕ್ಕಿಂತ ಮೊದಲು ಮತದಾರರ ಪಟ್ಟಿ

ಮಾನ್ಯರೇ, ದಾವಣಗೆರೆ, ಹರಿಹರ ಮತ್ತು ಜಗಳೂರಿನ ಸದಸ್ಯರಿರುವ ನಿಮ್ಮ ಅಂತರಜಾಲ ಬಳಕೆದಾರರ ಸಂಘದ ಆನ್‌ಲೈನ್ ಚುನಾವಣೆಯಲ್ಲಿ ಒಂದೇ ಊರಿನ ಗುಂಪು ಎಲ್ಲ ಸ್ಥಾನಗಳನ್ನೂ ಗೆಲ್ಲದಂತೆ ತಡೆಯುವುದು ಹೇಗೆಂದು ಕೇಳಿದ್ದೀರಿ.

ಡೊಮೇನ್ ಹೆಸರುಗಳ (ಜಾಲತಾಣಗಳ ವಿಳಾಸಗಳ) ವ್ಯವಸ್ಥೆಯನ್ನು ಸಮನ್ವಯಗೊಳಿಸುವ ಐಕ್ಯಾನ್ ಸಂಸ್ಥೆ 2000ರಲ್ಲಿ ಇದೇ ತೊಡಕನ್ನು ಎದುರಿಸಿತ್ತು. ಅದು ಜಗತ್ತನ್ನು 5 ವಲಯಗಳಾಗಿ ವಿಂಗಡಿಸಿ, ಸದಸ್ಯರ ಸಂಖ್ಯೆ ಎಷ್ಟೇ ಇರಲಿ, ಪ್ರತಿ ವಲಯದಿಂದ ಒಬ್ಬ ನಿರ್ದೇಶಕರನ್ನು ಸದಸ್ಯರ ನೇರ ಮತದಿಂದಲೇ ಆರಿಸಿತು. ವಿಳಾಸ ಖಚಿತಪಡಿಸಿಕೊಳ್ಳಲು ರಹಸ್ಯ ಸಂಖ್ಯೆಯನ್ನು ಅಂಚೆಯಲ್ಲಿ ಕಳುಹಿಸಿತು. ಆದರೆ ನೋಂದಾಯಿಸಿದ ಸುಮಾರು 1,58,000 ಜನರಲ್ಲಿ ಅರ್ಧದಷ್ಟು ಮಂದಿ ಮಾತ್ರ ಸದಸ್ಯತ್ವವನ್ನು ಸಕ್ರಿಯಗೊಳಿಸಿದರು, ಮತ ಹಾಕಿದವರು ಸುಮಾರು 34,000. ಪರಿಶೀಲನೆ ಕಠಿಣವಾದಷ್ಟೂ ನಿಜವಾದ ಸದಸ್ಯರೂ ಹೊರಗುಳಿಯುತ್ತಾರೆ ಎಂಬುದು ನನಗೆ ಇಲ್ಲಿ ಕಾಣುವ ದೊಡ್ಡ ಪಾಠ.

ನಿಮ್ಮಲ್ಲಿ ಸದಸ್ಯರು ಪರಸ್ಪರ ಪರಿಚಿತರಾದ್ದರಿಂದ ಅಂಚೆಯ ಅಗತ್ಯವಿಲ್ಲ. ತಾಲ್ಲೂಕಿಗೊಂದು ಸ್ಥಾನ ಮೀಸಲಿಡಿ. ಅದಕ್ಕಿಂತ ಮುಖ್ಯವಾಗಿ, ಮತದಾನಕ್ಕೆ 2 ತಿಂಗಳ ಮೊದಲೇ ಹೊಸ ನೋಂದಣಿ ನಿಲ್ಲಿಸಿ, ಪಟ್ಟಿಯನ್ನು ಎಲ್ಲ ಸದಸ್ಯರಿಗೂ ತೋರಿಸಿ ಆಕ್ಷೇಪಣೆಗೆ 15 ದಿನ ಕೊಡಿ. ಕೊನೆಯ ವಾರದಲ್ಲಿ ನೆಂಟರಿಷ್ಟರನ್ನೆಲ್ಲ ಸದಸ್ಯರನ್ನಾಗಿ ಮಾಡುವ ಚಾಳಿ ಅಲ್ಲಿಗೇ ನಿಲ್ಲುತ್ತದೆ. ಮೂವರಿಗಿಂತ ಹೆಚ್ಚು ಅಭ್ಯರ್ಥಿಗಳಿದ್ದರೆ, ಐಕ್ಯಾನ್ ಮಾಡಿದಂತೆ 1, 2, 3 ಎಂದು ಪ್ರಾಶಸ್ತ್ಯ ಗುರುತಿಸುವ ಕ್ರಮವನ್ನೇ ಅನುಸರಿಸಿ. ಚುನಾವಣಾಧಿಕಾರಿಯಾಗುವವರು ಅಭ್ಯರ್ಥಿಯಾಗಲಿ, ಹಾಲಿ ಪದಾಧಿಕಾರಿಯಾಗಲಿ ಆಗಿರಲೇಬಾರದು.