ಹಿಮ ಬಿಡಿ, ಹೂಮಳೆ ಬರೆಯಿರಿ

ನಮಸ್ಕಾರ. ಆಡುವ ಭಾಷೆಯೇ ನಾವು ಲೋಕವನ್ನು ನೋಡುವ ರೀತಿಯನ್ನು ನಿರ್ಧರಿಸುತ್ತದೆ ಎಂದು ವಾದಿಸುವ ನಿಮ್ಮ 'ಭಾಷೆಯೇ ನಮ್ಮ ಲೋಕ' ಲೇಖನವನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಪತ್ರಿಕೆಗೆ ಹಾಕಿಕೊಳ್ಳಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ.

ಶುರುವಿನಲ್ಲೇ ಎಸ್ಕಿಮೊಗಳಿಗೆ ಹಿಮಕ್ಕೆ ನೂರು ಪದ ಎಂದಿದ್ದೀರಿ. 1911ರಲ್ಲಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಕೊಟ್ಟಿದ್ದು ನಾಲ್ಕೇ ಪದ. ಬಾಯಿಂದ ಬಾಯಿಗೆ ಹೋಗುತ್ತಾ ಅದು ನೂರಾಯಿತು. ಅದಿರಲಿ, ಕಾಫಿ ಬೆಳೆಯುವ ಸಕಲೇಶಪುರದವರಾದ ನಿಮಗೆ ಹಿಮ ಯಾಕೆ ಬೇಕಿತ್ತು? ಮಾರ್ಚಿನಲ್ಲಿ ಮಳೆ ಹದವಾಗಿ ಬಿದ್ದರೆ ನಿಮಗೆ ಅದು ಕಾಫಿ ಹೂ ಅರಳಿಸುವ ಹೂಮಳೆ. ಆಮೇಲೆ ಕೆಲವು ವಾರಕ್ಕೆ ಬಂದರೆ ಕಾಯಿ ಕಚ್ಚಲು ನೆರವಾಗುವ ಬ್ಯಾಕಿಂಗ್ ಮಳೆ. ಆಷಾಢದಲ್ಲಿ ಹಿಡಿದರೆ ಜಡಿಮಳೆ. ಇದೇ ಹಾಸನ ಜಿಲ್ಲೆಯ ಅರಸೀಕೆರೆಗೆ ಬಂದು ತೆಂಗಿನ ತೋಟದವರ ಹತ್ತಿರ 'ಹೂಮಳೆ ಆಯ್ತಾ?' ಎಂದು ಕೇಳಿ ನೋಡಿ. ಮುಖ ನೋಡುತ್ತಾರೆ. ಇಬ್ಬರ ಬಾಯಲ್ಲೂ ಕನ್ನಡವೇ. ಹಾಗಾದರೆ ಮಳೆಯಲ್ಲಿ ಮಳೆ ಬೇರೆ ಮಾಡಿ ನೋಡುವುದನ್ನು ಕಲಿಸಿದ್ದು ಭಾಷೆಯೋ, ಕಾಫಿ ಗಿಡವೋ? ನೀವು ಈ ಪ್ರಶ್ನೆಯ ಹತ್ತಿರವೂ ಸುಳಿದಿಲ್ಲ.

'ಕನ್ನಡದಲ್ಲಿ ಒಂದೇ ನಾವು, ಅದಕ್ಕೇ ಕನ್ನಡಿಗರು ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ' ಎಂದಿದ್ದೀರಿ. ನಗು ಬಂತು, ಬೇಜಾರು ಮಾಡ್ಕೋಬೇಡಿ. ತುಳುವಿನಲ್ಲಿ ಎರಡಿವೆ. ಕೇಳುವವರೂ ಸೇರಿದರೆ 'ನಮ', ಅವರನ್ನು ಬಿಟ್ಟರೆ 'ಎಂಕುಲು'. ತಮಿಳು, ತೆಲುಗಿನಲ್ಲೂ ಹೀಗೇ. ಅವರೇನು ಮನೆಗೆ ಬಂದವರನ್ನು ಹೊರಗೆ ನಿಲ್ಲಿಸುತ್ತಾರಾ? ವ್ಯತ್ಯಾಸ ಬೇರೆ ಕಡೆ ಇದೆ. ತುಳುವಿನವರು ಬಾಯಿ ತೆರೆಯುವ ಮೊದಲೇ ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸಬೇಕು. ನಮಗೆ ತೇಲಿಸಿ ಮಾತಾಡುವ ಅನುಕೂಲ ಇದೆ. 'ನಾವು ನಾಳೆ ಮದುವೆಗೆ ಹೋಗ್ತಿದೀವಿ' ಎಂದರೆ ಎದುರಿದ್ದವರು ತಾವೂ ಲೆಕ್ಕದಲ್ಲಿದ್ದೇವಾ ಎಂದು ಕಾಯುತ್ತಾರೆ, ಅಲ್ವಾ? ಇದನ್ನು ಬರೆಯಿರಿ. ಕನ್ನಡಿಗರ ದೊಡ್ಡ ಮನಸ್ಸಿನ ಭಾಷಣ ನವೆಂಬರ್‌ಗೆ ಇರಲಿ.

ರಷ್ಯನ್ನರ ಉದಾಹರಣೆ ಚೆನ್ನಾಗಿದೆ, ಅದರ ಅರ್ಥವನ್ನು ಜಾಸ್ತಿ ಎಳೆದಿದ್ದೀರಿ. ಅವರಲ್ಲಿ ತಿಳಿನೀಲಿ 'ಗೊಲುಬೊಯ್', ಕಡುನೀಲಿ 'ಸಿನಿಯ್'. 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ನೀಲಿಗಳು ಈ ಗಡಿಯ ಆಚೀಚೆ ಬಿದ್ದಾಗ ಅವರು ಬೇಗ ಬೇರೆ ಮಾಡಿದರು. ಬೇಗ ಅಂದರೆ ಸೆಕೆಂಡಿನ ಒಂದು ಚೂರು. ಇಂಗ್ಲಿಷಿನವರಿಗೆ ಆ ಬೇಗ ಸಿಗಲಿಲ್ಲ, ಅಷ್ಟೇ. 'ಅವರಿಗೆ ವ್ಯತ್ಯಾಸ ಕಾಣಲೇ ಇಲ್ಲ' ಎಂದು ನೀವು ಬರೆದಿದ್ದು ತಪ್ಪು.

ಆರನೇ ಪುಟದ ಮೂಲೆಯಲ್ಲಿ ಒಂದು ಸಾಲಿದೆ. ಕಾಫಿ ಹೂ ಅರಳಿದ ದಿನವೇ ಮಳೆ ಸುರಿದು ಹೂ ಹಾಳಾದರೆ ನಿಮ್ಮ ಅಜ್ಜಿ ಏನೂ ಅನ್ನದೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಆ ಮಳೆಗೆ ಅವರು ಹೆಸರಿಟ್ಟಿರಲಿಲ್ಲ. ಅದು ಎಂಥ ಮಳೆ ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ನಿಮ್ಮ ತಲೆಬರಹವನ್ನೇ ಅಲ್ಲಾಡಿಸುವ ಸಾಲು ಅದು. ಅಲ್ಲಿಂದ ಶುರು ಮಾಡಿ, 800 ಪದದೊಳಗೆ ತಂದು ಕಳಿಸಿ. ಫೆಬ್ರವರಿ ಮುಗಿಯುವುದರೊಳಗೆ ಬಂದರೆ ಮಾರ್ಚ್ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ, ಹಾಸನ